ಕೆಂಪು ಪಟ್ಟಿ ಅಳಿಸಿಹೋದ ಮರ

ಹಡಗು ಬರುವ ದಿನ ಅನ್ಸೆಲ್ಮಾಗೆ ಬೆಳಗಿನಿಂದಲೇ ಸಿಡುಕು. ಸಾಂತ್ ಓದಿಲ್ ದ್ವೀಪಕ್ಕೆ ಹಡಗು ಬರುವುದೇ ಎರಡು ವಾರಕ್ಕೊಂದು. ಅದರಿಂದ ಇಳಿಯುವ ಜನರಲ್ಲಿ ಮುಕ್ಕಾಲು ಪಾಲು ಬಂದರಿನ ಪಕ್ಕದ ದೊಡ್ಡ ತೀರದಲ್ಲೇ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಮೈ ಸುಟ್ಟುಕೊಳ್ಳುತ್ತಾರೆ. ಗುಡ್ಡ ದಾಟಿ ಪೆಟಿಟ್ ಬೇ ತನಕ ಬರುವವರು 'ನಮಗೆ ಗಲಾಟೆ ಬೇಡ' ಎನ್ನುವ ನಾಲ್ಕೈದು ಜನ ಮಾತ್ರ. ಅವರಿಗೆ ಕೂರಲು ಕುರ್ಚಿ, ಎರಡು ಛತ್ರಿ, ಕರಿದ ಮೀನು, ಸುಟ್ಟ ಜೀಗುಜ್ಜೆ, ಒಂದು ಲೋಟ ರಮ್. ಅನ್ಸೆಲ್ಮಾಳ ವ್ಯಾಪಾರ ಅಷ್ಟೇ. ಜೊತೆಗೆ ಒಂದು ಉಪದೇಶ, ಅದು ಪುಕ್ಕಟೆ.

ಉಪದೇಶ ಮರದ್ದು. ತೀರದ ಆ ತುದಿಯಲ್ಲಿ ಮರಳಿನ ಮೇಲೆ ಬಾಗಿಕೊಂಡು ನಿಂತಿದೆಯಲ್ಲ, ಆ ಮಂಚಿನೀಲ್ ಮರದ್ದು. ಇಡೀ ತೀರದಲ್ಲಿ ಅದಕ್ಕಿಂತ ತಂಪಾದ ನೆರಳಿಲ್ಲ. ಕೊಂಬೆ ತುಂಬ ಪುಟ್ಟ ಹಸಿರು ಸೇಬಿನಂಥ ಕಾಯಿ. ಆದರೆ ಎಲೆ, ಕಾಯಿ, ತೊಗಟೆ ಎಲ್ಲದರಲ್ಲೂ ಹಾಲಿದೆ, ಆ ಹಾಲು ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಮಳೆ ಬಂದಾಗ ಅದರ ಕೆಳಗೆ ನಿಂತರಂತೂ ಮುಗಿಯಿತು. ಹನಿಹನಿಯೂ ಹಾಲು ತೊಳೆದುಕೊಂಡೇ ಕಣ್ಣಿಗಿಳಿಯುತ್ತದೆ. ಈ ದ್ವೀಪದಲ್ಲಿ ಮಗು ನಡೆಯಲು ಕಲಿಯುವ ಮೊದಲೇ ತಾಯಿ ಅದನ್ನು ಎತ್ತಿಕೊಂಡು ಬಂದು, ನೆರಳು ಮುಗಿಯುವ ಗೆರೆಯಲ್ಲಿ ನಿಂತು, ಮರ ತೋರಿಸಿ, ಅಂಗೈಗೆ ಒಂದು ಬಿಗಿದು ವಾಪಸ್ಸು ಕರೆದುಕೊಂಡು ಹೋಗುತ್ತಾಳೆ. ಆ ಪೆಟ್ಟು ಯಾರಿಗೂ ಮರೆಯುವುದಿಲ್ಲ.

ಹೊರಗಿನವರಿಗೆಂದು ಕಾಂಡದ ಸುತ್ತ ಕೆಂಪು ಬಣ್ಣದ ಪಟ್ಟಿ ಬಳಿಯುವುದು ಪದ್ಧತಿ. ಸೆಪ್ಟೆಂಬರಿನ ಬಿರುಗಾಳಿ ಈ ಸಲ ತೊಗಟೆಯ ಸಮೇತ ಪಟ್ಟಿಯನ್ನು ಕಿತ್ತುಕೊಂಡು ಹೋಯಿತು. ಹೋಗುವಾಗ ಅನ್ಸೆಲ್ಮಾಳ ಅಂಗಡಿಯ ಮಾಡನ್ನೂ ಬಿಡಲಿಲ್ಲ. ಪಂಚಾಯಿತಿಯವನು "ಬಣ್ಣ ಮುಂದಿನ ದೋಣೀಲಿ ಬರುತ್ತೆ" ಎಂದು ಎಂಟು ವಾರದಿಂದ ಹೇಳುತ್ತಲೇ ಇದ್ದ. ಹಾಳಾಗಿ ಹೋಗಲಿ ಎಂದು ಅವಳು ಬಾಯಿಯನ್ನೇ ನೆಚ್ಚಿಕೊಂಡಳು. ಎಲ್ಲಿ ಬೇಕಾದರೂ ಕೂರಿ, ಅದರ ಕೆಳಗೆ ಮಾತ್ರ ಬೇಡ. ಅವಳು ಅಂಗಡಿ ನೋಡಿಕೊಳ್ಳಲು ಶುರುಮಾಡಿದ ಮೇಲೆ ಆ ತೀರದಲ್ಲಿ ಒಬ್ಬರೇ ಒಬ್ಬರ ಚರ್ಮ ಸುಟ್ಟಿರಲಿಲ್ಲ. ಬೇರೆ ಹೆಂಗಸರು ಮಕ್ಕಳ ಬಗ್ಗೆ ಹೇಳಿಕೊಳ್ಳುವ ಹಾಗೆ ಅವಳು ಇದನ್ನು ಹೇಳಿಕೊಳ್ಳುತ್ತಿದ್ದಳು.

ಆವತ್ತು ಒಲೆ ಹಚ್ಚುವಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯುವ ಕತ್ಬರ್ಟ್ ಬಂದ. ಸತ್ತವರ ಹಬ್ಬಕ್ಕೆ ಇನ್ನು ನಾಲ್ಕು ದಿನ. ಆ ವರ್ಷ ತೀರಿಕೊಂಡವರ ಹೆಸರನ್ನು ಫಾದರ್ ಪೂಜೆಯಲ್ಲಿ ಒಂದೇ ಸಲ ಓದುತ್ತಾರೆ. ಓದಿದಾಗ ಆ ಮನೆಯವರು ಎದ್ದು ನಿಲ್ಲಬೇಕು. ಓದಿದ ಹೆಸರು ಮಣ್ಣಿಗೆ ಸೇರಿತು ಎಂದು ಅರ್ಥ. ಓದದ ಹೆಸರು ಎಲ್ಲೂ ಸೇರಿಲ್ಲ.

"ಗುಡ್ ಮಾರ್ನಿಂಗ್, ಸೆಲ್ಮಕ್ಕ. ಈ ವರ್ಷವಾದ್ರೂ ಅಲ್ಫಿ ಹೆಸರು ಬರ್ಕೊಳ್ಲಾ?"

"ಗುಡ್ ಮಾರ್ನಿಂಗ್. ನೀನು ಹೆಣ ನೋಡಿದ್ಯಾ?"

"ಇಲ್ಲ."

"ನಾನೂ ನೋಡಿಲ್ಲ. ನಡಿ."

ಇಪ್ಪತ್ತಾರು ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರ. ಅನ್ಸೆಲ್ಮಾಳ ತಮ್ಮ ಅಲ್ಫಿಯಸ್ ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಮೀನಿಗೆ ಹೋದ. ಮಾರನೆಯ ದಿನ ದೋಣಿ ಮಗುಚಿದ ಸ್ಥಿತಿಯಲ್ಲಿ ಸಿಕ್ಕಿತು. ದೋಣಿಯ ಎಂಜಿನ್ ಸಿಗಲಿಲ್ಲ. ಅಮ್ಮ ಹಸು ಮಾರಿ ಕೊಡಿಸಿದ ಹೊಸ ಎಂಜಿನ್ ಅದು. "ಸಮುದ್ರಕ್ಕೆ ಸ್ಪ್ಯಾನರ್ ಹಿಡಿಯೋಕೆ ಬರಲ್ಲ ಕಣ್ರೋ, ಮಗ ಮಾರ್ಕೊಂಡು ಓಡಿದಾನೆ" ಎಂದು ಊರಿನವರು ಆಡಿಕೊಂಡರು. ಹಾಗಂದವನೊಬ್ಬನಿಗೆ ಅಮ್ಮ ಫಿಲೊಮೆನ್ ಸಟ್ಟುಗದಲ್ಲಿ ಬಾರಿಸಿದ್ದೂ ಉಂಟು. ಮಗ ಓಡಿಹೋದ ಎನ್ನುವುದನ್ನೂ ಅವಳು ಒಪ್ಪಲಿಲ್ಲ, ಸತ್ತ ಎನ್ನುವುದನ್ನೂ ಒಪ್ಪಲಿಲ್ಲ. ನಾಲ್ಕು ವರ್ಷ ಮರಳಿನಲ್ಲಿ ಕೂತು, ಸಾಯುವಾಗ ಮಗಳ ಕೈ ಹಿಡಿದು ಹೇಳಿದಳು: "ಕಣ್ಣಾರೆ ನೋಡೋ ತನಕ ಅವನ ಹೆಸರು ಓದಿಸ್ಬೇಡ. ಬದುಕಿದ್ರೆ ಬಂದು ಅಕ್ಕಾ ಅಂತಾನೆ."

ಅನ್ಸೆಲ್ಮಾ ಆ ಮಾತಿಗೆ ಜೋತುಬಿದ್ದಳು. ಮದುವೆಯಾಗಲಿಲ್ಲ, ಊರು ಬಿಡಲಿಲ್ಲ. ಅವನು ಎಂಜಿನ್ ಕದ್ದೇ ಹೋಗಿರಲಿ, ಕೊಲೆ ಮಾಡಿಯೇ ಹೋಗಿರಲಿ, ಒಂದು ಸಲ ಬಂದು ಅಕ್ಕಾ ಅಂದರೆ ಸಾಕು, ಉಳಿದದ್ದೆಲ್ಲ ಮಾಫಿ ಎಂದು ಮನಸ್ಸಿನಲ್ಲೇ ಎಷ್ಟೋ ಸಲ ಬರೆದುಕೊಟ್ಟಿದ್ದಳು.

ಹತ್ತು ಗಂಟೆಗೆ ಡೆನ್ಜಿಲ್‌ನ ವ್ಯಾನು ಬಂತು. ಬಂದರಿನಿಂದ ಜನರನ್ನು ತಂದು ಬಿಟ್ಟು, ಎರಡು ಗಂಟೆಗೆ ಬಂದು ಕರೆದುಕೊಂಡು ಹೋಗುವವನು ಅವನೇ.

"ಇಬ್ಬರೇ, ಸೆಲ್ಮಕ್ಕ. ಕೆನಡಾದವರು. ಗಂಡ ನಮ್ಮ ಬಣ್ಣದೋನೇ, ಆದ್ರೆ ಮಾತಾಡಿದ್ರೆ ಮುತ್ತು ಉದುರುತ್ತೇನೋ ಅನ್ನೋ ಹಾಗಿದಾನೆ. ಹೆಂಡ್ತಿ ಅವನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸ್ತಾಳೆ."

ಹೆಂಡತಿ ಬೆಳ್ಳಗೆ, ತೆಳ್ಳಗೆ, ತಲೆಯ ಮೇಲೆ ಹುಲ್ಲಿನ ಟೋಪಿ. ನೇರವಾಗಿ ಒಲೆಯ ಹತ್ತಿರ ಬಂದು, "ಗುಡ್ ಮಾರ್ನಿಂಗ್. ಚೆನ್ನಾಗಿದ್ದೀರಾ? ನಾನು ಕ್ಯಾರಲ್" ಎಂದಳು.

ಅನ್ಸೆಲ್ಮಾ ಸೌಟು ಕೆಳಗಿಟ್ಟಳು. ಹಡಗಿನವರು ಬಂದವರೇ 'ಬಿಯರ್ ಇದೆಯಾ' ಎನ್ನುವವರು; ಗುಡ್ ಮಾರ್ನಿಂಗ್ ಹೇಳದವರಿಗೆ ಅವಳು ಕಿವುಡಿಯಾಗುವುದು ವಾಡಿಕೆ. "ಇದನ್ನ ಯಾರು ಹೇಳಿಕೊಟ್ರು ಮೇಡಂ?"

"ನನ್ನ ಗಂಡ. ಮೊದಲು ಗುಡ್ ಮಾರ್ನಿಂಗ್ ಹೇಳ್ದಿದ್ರೆ ಇಲ್ಲಿ ಕುಡಿಯೋ ನೀರೂ ಹುಟ್ಟಲ್ಲ ಅಂದ್ರು."

"ಸಾಹೇಬ್ರು ಮೊದಲು ಬಂದಿದ್ರಾ?"

"ಇಲ್ಲಪ್ಪ. ಎಲ್ಲೋ ಓದಿರ್ತಾರೆ. ಗ್ರಾಂಟ್, ಬಾ ಇಲ್ಲಿ."

ಗ್ರಾಂಟ್ ಬರಲಿಲ್ಲ. ದಪ್ಪ ಮನುಷ್ಯ, ತಲೆಗೆ ಟೋಪಿ, ಕಪ್ಪು ಕನ್ನಡಕ. ದೂರದಿಂದಲೇ ತಲೆಯಾಡಿಸಿದ. ಆಮೇಲೆ ಅನ್ಸೆಲ್ಮಾ ಹಾಕಿಟ್ಟಿದ್ದ ಎರಡು ಕುರ್ಚಿಗಳನ್ನು ಎಳೆದುಕೊಂಡು ಮಂಚಿನೀಲ್ ಮರಕ್ಕೆ ಪೂರಾ ವಿರುದ್ಧ ದಿಕ್ಕಿಗೆ, ಸುಡು ಬಿಸಿಲಿಗೆ ಒಯ್ದು ಹಾಕಿಕೊಂಡ. ಉಪದೇಶ ಇನ್ನೂ ಆಗಿರಲಿಲ್ಲ. ಬಂದವರೆಲ್ಲ ಮೊದಲು ಓಡುವುದೇ ಆ ನೆರಳಿಗೆ, ಇವನೇಕೆ ಹೀಗೆ ಎಂದುಕೊಂಡಳು ಅನ್ಸೆಲ್ಮಾ. ಮರದಿಂದ ದೂರವೇ ಕೂತವರಿಗೆ ಉಪದೇಶ ಆಮೇಲೆ ಹೇಳಿದರಾಯಿತು ಎಂದು ರಮ್ ಬಗ್ಗಿಸಿದಳು.

ರಮ್ಮಿನ ಲೋಟ ತೆಗೆದುಕೊಂಡು ಹೋಗಿ ಕೈಗೆ ಕೊಟ್ಟಳು. ಅವನು ಸಮುದ್ರ ನೋಡುತ್ತ ಲೋಟ ಎತ್ತಿದ. ಬಾಯಿಗಿಡುವ ಮೊದಲು ಮಣಿಕಟ್ಟು ಒಂದಿಷ್ಟು ಓರೆಯಾಯಿತು. ಒಂದು ಹನಿ ಮರಳಿಗೆ ಬಿತ್ತು. ಆಮೇಲೆ ಕುಡಿದ.

ಸತ್ತವರಿಗೆ ಮೊದಲ ಹನಿ. ದ್ವೀಪದಲ್ಲಿ ಲೋಟ ಹಿಡಿದವರೆಲ್ಲ ಮಾಡುವುದೇ ಅದು, ಮಾಡಿದ್ದು ಅವರಿಗೇ ಗೊತ್ತಾಗುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ. ಅನ್ಸೆಲ್ಮಾ ಅವನ ಟೋಪಿಯ ಕೆಳಗೆ ಕಿವಿ ನೋಡಿದಳು. ಅಗಲ ಕಿವಿ, ತುದಿ ಸ್ವಲ್ಪ ಮಡಚಿದ್ದು. ಅವಳ ಅಪ್ಪನಿಗೂ ಹಾಗೇ ಇತ್ತು. ಮುಖವನ್ನು ಮಾತ್ರ ಕೊಬ್ಬು ನುಂಗಿಹಾಕಿತ್ತು.

ಒಲೆಯ ಹತ್ತಿರ ಬಂದು ಮೀನು ಎಣ್ಣೆಗೆ ಬಿಟ್ಟಳು. ಅವನಿಗೆ ನಾಚಿಕೆಯಿರಬಹುದು, ಹೆಂಡತಿ ಎದುರಿಗಿದ್ದಾಳೆ, ಸಮಯ ನೋಡುತ್ತಿರಬಹುದು ಎಂದು ಅವನ ಪರವಾಗಿ ತಾನೇ ವಕಾಲತ್ತು ಮಾಡಿದಳು. ಒಂದು ದಾರಿ ಮಾಡಿಕೊಡೋಣ ಎಂದು ತಟ್ಟೆ ಹಿಡಿದು ಹೋದಳು. ದಾರಿ ಕ್ಯಾರಲ್ಲೇ ಮಾಡಿಕೊಟ್ಟಳು.

"ಇಲ್ಲಿ ನೀವೊಬ್ಬರೇನಾ ಇರೋದು?"

"ಒಬ್ಬಳೇ ಮೇಡಂ. ಒಬ್ಬ ತಮ್ಮ ಇದ್ದ. ಇದೇ ಸಮುದ್ರಕ್ಕೆ ಹೋದೋನು ವಾಪಸ್ ಬರ್ಲಿಲ್ಲ." ಮಾತು ಹೆಂಡತಿಗೆ, ಕಣ್ಣು ಗಂಡನ ಮೇಲೆ. "ನಮ್ಮಮ್ಮ ನಾಲ್ಕು ವರ್ಷ ಇಲ್ಲೇ ಕೂತಿದ್ಲು, ಸಾಹೇಬ್ರ ಕುರ್ಚಿ ಇದೆಯಲ್ಲ, ಅಲ್ಲೇ. ಕಣ್ಣು ಪೂರ್ತಿ ಹೋಗಿತ್ತು, ಆದ್ರೂ ದೋಣಿ ಸದ್ದು ಕೇಳಿದ್ರೆ ಎದ್ದು ನಿಲ್ತಿದ್ಲು. ಅವನ ಹೆಸರು ಹೇಳ್ತಾನೇ ಪ್ರಾಣ ಬಿಟ್ಲು."

ಕ್ಯಾರಲ್ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅವಳ ಕಣ್ಣು ನಿಜವಾಗಿಯೂ ತುಂಬಿತ್ತು.

"ಕ್ಯಾರಲ್, ಉಪ್ಪು ಕೊಡು" ಎಂದ ಗಂಡ.

ಧ್ವನಿ ಬದಲಾಗಿರಲಿಲ್ಲ. ಮಾತಿನ ಧಾಟಿಯನ್ನು ಕೆನಡಾದಲ್ಲಿ ತಿಕ್ಕಿ ತೊಳೆದಿದ್ದ, ಧ್ವನಿಯನ್ನು ಎಲ್ಲಿ ತೊಳೆಯುತ್ತಾನೆ?

"ಉಪ್ಪು ಸಾಲದಾಯ್ತಾ ಸಾರ್? ನಮ್ಮಮ್ಮನ ಕೈನೂ ಹಾಗೇ. ತಮ್ಮ ಯಾವಾಗ್ಲೂ ಬೈತಿದ್ದ."

ಅವನು ಉಪ್ಪು ಉದುರಿಸಿಕೊಂಡು ತಿಂದ. ಕ್ಯಾರಲ್‌ಗೆ ಗಂಡನ ಒರಟುತನಕ್ಕೆ ನಾಚಿಕೆಯಾಗಿರಬೇಕು. ಅನ್ಸೆಲ್ಮಾಳ ಕೈ ಮುಟ್ಟಿ ಮೆಲ್ಲಗೆ, "ತಪ್ಪು ತಿಳ್ಕೋಬೇಡಿ. ಅಮ್ಮಂದಿರ ಮಾತು ಬಂದ್ರೆ ಇವರು ಹೀಗೇ. ಇವರಿಗೆ ಯಾರೂ ಇಲ್ಲ. ಅನಾಥಾಲಯದಲ್ಲಿ ಬೆಳೆದವರು. ಹೆತ್ತವಳೇ ಬಾಗಿಲಲ್ಲಿ ಬಿಟ್ಟು ಹೋದ್ಲಂತೆ" ಎಂದಳು.

ಬಿಟ್ಟು ಹೋದಳಂತೆ. ಹಸು ಮಾರಿದವಳು, ಕುರುಡುಗಣ್ಣಲ್ಲಿ ದೋಣಿಗೆ ಎದ್ದು ನಿಂತವಳು ಬಿಟ್ಟು ಹೋದಳಂತೆ. ಅನ್ಸೆಲ್ಮಾ ಖಾಲಿ ಲೋಟ ಎತ್ತಿಕೊಂಡು ಬಂದಳು. ಆದರೂ, ಇಷ್ಟಾದರೂ, ಒಂದು ಮೂಲೆಯಲ್ಲಿ ಆಸೆ ಇನ್ನೂ ಸತ್ತಿರಲಿಲ್ಲ: ಇವನು ಬೇರೆ ಯಾರೋ ಇರಬಹುದು, ಕಿವಿ ಅಪ್ಪನದಲ್ಲದೆ ಇರಬಹುದು, ಹನಿ ಕೈಜಾರಿ ಬಿದ್ದಿರಬಹುದು. ಖಾತ್ರಿಯಾಗಬೇಕಿತ್ತು. ಆಮೇಲೆ ಅವನು ಅಕ್ಕಾ ಅನ್ನಬೇಕಿತ್ತು.

ಒಂದೂವರೆಗೆ ಗುಡ್ಡದ ಹಿಂದಿನಿಂದ ಮೋಡ ಬಂತು. ಮೊದಲು ಗಾಳಿ ಬೀಸಿ ಛತ್ರಿಗಳೆರಡೂ ಮಗುಚಿದವು, ಹಿಂದೆಯೇ ದಪ್ಪ ಹನಿಗಳು. ಮಳೆ ಬಂದರೆ ಅನ್ಸೆಲ್ಮಾ ಬಂದವರನ್ನೆಲ್ಲ ಒಲೆಯ ಮೇಲಿನ ತಾಡಪಾಲಿನ ಕೆಳಗೆ ಕರೆದು ನಿಲ್ಲಿಸಿಕೊಳ್ಳುತ್ತಿದ್ದಳು. ಕ್ಯಾರಲ್ ಟವೆಲ್ ತಲೆಗೆ ಹಾಕಿಕೊಂಡು, "ಎಲ್ಲಿ ನಿಲ್ಲೋಣ?" ಎಂದು ಕೂಗಿ ಕೇಳಿದಳು.

ಅನ್ಸೆಲ್ಮಾ ಕೈ ಎತ್ತಿ ತೋರಿಸಿದಳು. "ಆ ಮರದ ಕೆಳಗೆ ಹೋಗಿ ಮೇಡಂ. ಒಂದು ಹನಿ ಬೀಳಲ್ಲ."

ಹೇಳಿದ್ದು ಅವನಿಗೂ ಕೇಳುವ ಹಾಗೆ. ಅವಳ ಲೆಕ್ಕಾಚಾರ ಸುಲಭವಾಗಿತ್ತು. ಮರ ನಲವತ್ತು ಹೆಜ್ಜೆ ದೂರ. ಪರದೇಶದವನಾದರೆ ಹೆಂಡತಿಯ ಹಿಂದೆ ಅವನೂ ಓಡುತ್ತಾನೆ. ಆಗ ತಾನೇ ಕೂಗಿ ಇಬ್ಬರನ್ನೂ ತಡೆಯುವುದು. ಅಲ್ಫಿಯಾದರೆ ಹೆಂಡತಿ ಹತ್ತು ಹೆಜ್ಜೆ ಇಡುವುದರೊಳಗೆ ಕಿರುಚುತ್ತಾನೆ. ಯಾವ ಗಂಡಸು ತಾನೇ ಕಿರುಚುವುದಿಲ್ಲ?

ಅವನು ಎದ್ದು ನಿಂತ. ಬಾಯಿ ತೆರೆದ. ಕ್ಯಾರಲ್ ಹತ್ತು ಹೆಜ್ಜೆ ಓಡಿದಳು, ಇಪ್ಪತ್ತು ಓಡಿದಳು. ತಿರುಗಿ ನಗುತ್ತ, "ಬಾ ಗ್ರಾಂಟ್, ಪೂರ್ತಿ ನೆನೀತೀಯ" ಎಂದಳು. ಅವನು ಕನ್ನಡಕ ತೆಗೆದ. ಹೆಂಡತಿಯನ್ನಲ್ಲ, ಅನ್ಸೆಲ್ಮಾಳನ್ನು ನೋಡಿದ. ಬೂದುಗಣ್ಣು, ಅಮ್ಮನದೇ. ಎಲ್ಲವೂ ಅವನಿಗೆ ಅರ್ಥವಾಗಿತ್ತು.

"ನೀನು ಹೋಗು" ಎಂದ ಹೆಂಡತಿಗೆ. "ನಂಗೆ ಮಳೆ ಇಷ್ಟ."

ಅವಳು ಹೋಗಿ ಮರದ ಕೆಳಗೆ ನಿಂತಳು.

ಅಕ್ಕ ತಮ್ಮ ಮಳೆಯಲ್ಲಿ ನಿಂತರು. ಅನ್ಸೆಲ್ಮಾ ಕೂಗಬಹುದಿತ್ತು. ಈಗ ಖಾತ್ರಿಯಾಗಿತ್ತಲ್ಲ, ಇನ್ನೇನು ಬೇಕಿತ್ತು? ಆದರೆ ತಾನು ಕೂಗಿದರೆ ಅವನು ತಪ್ಪಿಸಿಕೊಳ್ಳುತ್ತಾನೆ. ಇನ್ನೊಂದು ಕ್ಷಣ ಕಾದರೆ ಅವನ ಬಾಯಿಂದಲೇ ಬರುತ್ತದೆ, ಬಂದೇ ಬರುತ್ತದೆ. ಹೇಳೋ, ಹೇಳೋ ಮುಂಡೇದೆ, ಹೆಂಡತಿಗಾಗಿಯಾದರೂ ಬಾಯಿಬಿಡೋ ಎಂದು ಒಳಗೇ ಬೇಡಿಕೊಂಡಳು. ಅವನು ಬಾಯಿಗೆ ಬೀಗ ಹಾಕಿಕೊಂಡು ನಿಂತೇ ಇದ್ದ. ಬಾಣಲೆಯ ಎಣ್ಣೆಯಲ್ಲಿ ಒಂದು ಮೀನು ಬೇಯುವಷ್ಟು ಹೊತ್ತು ಇಬ್ಬರೂ ಹಾಗೆ ನಿಂತಿದ್ದರು. ಮರದ ಕೆಳಗಿನವಳು ಮುಖದ ಮೇಲೆ ಬಿದ್ದ ಹನಿಗಳನ್ನು ಎರಡೂ ಅಂಗೈಯಿಂದ ಒರೆಸಿಕೊಂಡಳು, ಕಣ್ಣುಜ್ಜಿಕೊಂಡಳು.

"ಏನೋ ಉರೀತಿದೆ" ಎಂದಳು ಮೊದಲು. ಆಮೇಲೆ ಮಾತು ನಿಂತು ಚೀರಾಟ ಶುರುವಾಯಿತು.

ಅನ್ಸೆಲ್ಮಾ ಓಡಿದಳು. ಮರದ ಕೆಳಗೇ ನುಗ್ಗಿ ಅವಳ ಸೊಂಟ ಹಿಡಿದು ಎಳೆದುಕೊಂಡು ಬಂದಳು. ತನ್ನ ಕತ್ತು, ತೋಳಿನ ಮೇಲೂ ಹನಿ ಬಿದ್ದವು. ಹಿಂದೆ ಅವನೂ ಓಡಿ ಬಂದಿದ್ದ. ಬಂದು ನೆರಳಿನ ಗೆರೆಯಲ್ಲಿ, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ನಿಲ್ಲುವ ಜಾಗದಲ್ಲಿ, ಒಂದು ಬೆರಳಿನಷ್ಟೂ ಮುಂದೆ ಹೋಗದೆ ನಿಂತಿದ್ದ.

ಸಿಹಿನೀರು, ಸೋಪು, ಮತ್ತೆ ಸಿಹಿನೀರು. ಕೊಡದಲ್ಲಿದ್ದಷ್ಟನ್ನೂ ಸುರಿದಳು. ಕ್ಯಾರಲ್‌ಳ ರೆಪ್ಪೆಗಳು ಊದಿ ಮುಚ್ಚಿಕೊಂಡವು, ಕೆನ್ನೆ ಕೆಂಪಾಗಿ ದದ್ದು ಎದ್ದವು. ಏನೂ ಕಾಣದೆ ಅವಳು ಕೈಗೆ ಸಿಕ್ಕ ಅನ್ಸೆಲ್ಮಾಳ ಮಣಿಕಟ್ಟನ್ನೇ ಬಿಗಿಯಾಗಿ ಹಿಡಿದುಕೊಂಡಿದ್ದಳು. "ನಿಮ್ಮ ತಪ್ಪಲ್ಲ," ಎಂದಳು ಹಲ್ಲು ಕಚ್ಚಿ. "ನಿಮಗೆ ಗೊತ್ತಿರ್ಲಿಲ್ಲ. ಪಾಪ, ನೀವೇನ್ ಮಾಡ್ತೀರಿ."

ಬೈದಿದ್ದರೆ ಚೆನ್ನಾಗಿತ್ತು. ಮುಖಕ್ಕೆ ಉಗಿದಿದ್ದರೂ ಆಗುತ್ತಿತ್ತು. ಅನ್ಸೆಲ್ಮಾ ನೀರು ಸುರಿಯುತ್ತಲೇ ಇದ್ದಳು.

ಎರಡು ಗಂಟೆಗೆ ಡೆನ್ಜಿಲ್ ಬಂದವನು ಕ್ಯಾರಲ್‌ಳ ಮುಖ ನೋಡಿದ, ಮರ ನೋಡಿದ, ಅನ್ಸೆಲ್ಮಾಳನ್ನು ನೋಡಿದ. "ಸೆಲ್ಮಕ್ಕ, ನೀನು ಇರೋವಾಗ್ಲಾ?" ಎಂದ. ಅವಳು ಕ್ಯಾರಲ್‌ಳ ಭುಜ ಹಿಡಿದು ಎಬ್ಬಿಸಿದಳು. ಇಬ್ಬರೂ ಸೇರಿ ಅವಳನ್ನು ವ್ಯಾನಿನಲ್ಲಿ ಮಲಗಿಸಿದರು.

ಗಂಡ ಕೊನೆಗೆ ಹತ್ತಿದ. ಬಾಗಿಲ ಹಿಡಿ ಹಿಡಿದು, ತಲೆ ತಗ್ಗಿಸಿಕೊಂಡು, ಹೆಂಡತಿಗೆ ಕೇಳದಷ್ಟು ಮೆಲ್ಲಗೆ, ಅಪ್ಪಟ ಪೆಟಿಟ್ ಬೇ ಮಾತಿನಲ್ಲಿ ಹೇಳಿದ:

"ಮರಕ್ಕೆ ಪಟ್ಟಿ ಬಳಿಯೋಕೆ ನಿಂಗೇನ್ ರೋಗ ಬಂದಿತ್ತು?"

ಇಪ್ಪತ್ತಾರು ವರ್ಷ ಆದ ಮೇಲೆ ತಮ್ಮ ಅಕ್ಕನಿಗೆ ಆಡಿದ ಮಾತು ಇದು. ಅದರಲ್ಲಿ ಅಕ್ಕ ಇರಲಿಲ್ಲ.

"ಯಾವ ಪಟ್ಟಿ ಸಾರ್?" ಎಂದಳು ಅನ್ಸೆಲ್ಮಾ. "ಅದೆಲ್ಲ ಇಲ್ಲಿ ಹುಟ್ಟಿದವರಿಗೆ ಗೊತ್ತಿರೋ ವಿಷಯ. ನೀವು ಅನಾಥಾಲಯದವರಂತೆ."

ಅವನು ಹತ್ತಿ ಬಾಗಿಲು ಎಳೆದುಕೊಂಡ.

ಮಾರನೆಯ ಬೆಳಿಗ್ಗೆ ಡೆನ್ಜಿಲ್ ಬಂದು ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಹಡಗಿನ ಡಾಕ್ಟರು ಕಣ್ಣು ಹೋಗಲ್ಲ, ನಾಲ್ಕೈದು ದಿನದಲ್ಲಿ ತೆರೆಯುತ್ತೆ ಅಂದರಂತೆ. ಗಂಡ ಮಾತ್ರ ಬಂದರಿನಲ್ಲಿ ಎಲ್ಲರ ಎದುರು ಹೇಳಿದನಂತೆ, ಆ ಹೆಂಗಸೇ ಕೈ ತೋರಿಸಿ ಕಳಿಸಿದಳು ಎಂದು. ಇನ್ನು ಹಡಗಿನವರು ಯಾರನ್ನೂ ಪೆಟಿಟ್ ಬೇಗೆ ಕಳಿಸುವುದಿಲ್ಲ.

"ಸುಳ್ಳು ತಾನೇ, ಸೆಲ್ಮಕ್ಕ? ಹೆಂಡ್ತಿ ಪಾಪ ಸ್ಟ್ರೆಚರ್ ಮೇಲಿಂದ್ಲೇ ಇಲ್ಲ, ಇಲ್ಲ, ಅವಳು ಒಳ್ಳೆಯವಳು ಅಂತಿದ್ಲು."

"ಸುಳ್ಳಲ್ಲ. ನಾನೇ ಕಳಿಸಿದ್ದು."

ಡೆನ್ಜಿಲ್ ಅವಳ ಕತ್ತಿನ ಬೊಬ್ಬೆಗಳನ್ನು ನೋಡಿದ. ಆಮೇಲೆ ಎದ್ದು, ಹೋಗಿಬರ್ತೀನಿ ಎಂದೂ ಹೇಳದೆ ಹೋದ. ಅನ್ಸೆಲ್ಮಾಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವಳು ಒಂದೇ ಯೋಚನೆಯನ್ನು ಇಡೀ ದಿನ ಮಗುಚಿ ಹಾಕುತ್ತಿದ್ದಳು: ಅವನೂ ನಿಂತಿದ್ದ, ನಾನೂ ನಿಂತಿದ್ದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದು ಇನ್ನು ಯಾರೂ ಸಾಕ್ಷಿ ಹೇಳಬೇಕಾಗಿಲ್ಲ.

ಸಂಜೆ ಚರ್ಚಿಗೆ ಹೋದಳು. ಕತ್ಬರ್ಟ್ ಮೇಣದ ಬತ್ತಿಗಳನ್ನು ಜೋಡಿಸುತ್ತಿದ್ದ.

"ಬರ್ಕೋ," ಎಂದಳು. "ಅಲ್ಫಿಯಸ್, ಫಿಲೊಮೆನ್ ಮಗ."

ಅವನ ಕೈಯಲ್ಲಿದ್ದ ಬತ್ತಿ ಹಾಗೇ ನಿಂತಿತು. "ಏನಾದ್ರೂ ಸುದ್ದಿ ಬಂತಾ ಅಕ್ಕ?"

"ಬಂತು."

"ಹೆಣ ಸಿಕ್ತಾ?"

"ಸಿಕ್ತು. ನಿನ್ನೆ ನಮ್ಮ ತೀರಕ್ಕೇ ಬಂದಿತ್ತು. ಕಣ್ಣಾರೆ ನೋಡಿದೆ."

"ಇಷ್ಟು ವರ್ಷ ಆದ್ಮೇಲಾ? ಗುರುತು ಹೇಗೆ ಸಿಕ್ತು?"

"ಚೆನ್ನಾಗಿ ಊದಿತ್ತು," ಎಂದಳು ಅನ್ಸೆಲ್ಮಾ. "ಆದ್ರೂ ಗುರುತು ಸಿಕ್ತು."

ಕತ್ಬರ್ಟ್ ಅವಳ ಮುಖ ನೋಡಿದ. ಬರೆದುಕೊಂಡ.

ಸತ್ತವರ ಹಬ್ಬದ ದಿನ ಚರ್ಚು ತುಂಬಿತ್ತು. ಫಾದರ್ ಒಂದೊಂದೇ ಹೆಸರು ಓದಿದರು. ಒಂದು ಹೆಸರಿಗೆ ಹನ್ನೆರಡು ಜನ ಎದ್ದು ನಿಂತರು, ಇನ್ನೊಂದಕ್ಕೆ ಒಂದು ಬೆಂಚು ಪೂರ್ತಿ. ಹತ್ತನೆಯದು ಅಲ್ಫಿಯಸ್. ಊರಿನವರೆಲ್ಲ ಹಿಂತಿರುಗಿ ನೋಡಿದರು. ಕೊನೆಯ ಬೆಂಚಿನಲ್ಲಿ, ಕತ್ತಿಗೆ ಬಟ್ಟೆ ಸುತ್ತಿಕೊಂಡಿದ್ದ ಅನ್ಸೆಲ್ಮಾ ಒಬ್ಬಳೇ ಎದ್ದು ನಿಂತಳು. ಫಾದರ್ ಮುಂದಿನ ಹೆಸರು ಓದಿದರು. ಅವಳು ಕೂತಳು.